ಕೇಬಲ್ ಕಿತ್ತ ಮೇಲೆ

ಕೆಂಪು ಗುಂಡಿ ಒತ್ತಿದರೂ ಚಕ್ರ ತಿರುಗಲಿಲ್ಲ. ಎಂಜಿನಿಯರ್ ಇನ್ನೊಮ್ಮೆ ಒತ್ತಿದ. ಜಾಕಿಯ ಮೇಲೆ ಎತ್ತಿ ನಿಲ್ಲಿಸಿದ್ದ, ಹಿಡಿ ಹಿಡಿದು ನಡೆಸುವ ಸರಕಿನ ಬ್ಯಾಟರಿ ಗಾಡಿಯ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆ ಸುಮ್ಮನೆ ನಿಂತಿತ್ತು. ತಪಾಸಣೆ ಮುಗಿಸಿ, ಲ್ಯಾಪ್‌ಟಾಪಿನ ಕೇಬಲ್ ಕಿತ್ತು, ಗೋದಾಮಿನ ಕ್ಯಾಂಟೀನಿನಲ್ಲಿ ಚಹಾ ಕುಡಿದು ಬಂದಿದ್ದ. ಹೊರಡುವ ಮುನ್ನ ಯಾಕೋ ಕೈ ಗುಂಡಿಯ ಮೇಲೆ ಹೋಗಿತ್ತು, ಅಷ್ಟೆ. ಕೇಬಲ್ ಮತ್ತೆ ಸಿಕ್ಕಿಸಿ ಒತ್ತಿದ. ಚಕ್ರ ಗಿರ್ರನೆ ಹಿಂದಕ್ಕೆ ತಿರುಗಿತು. ಕಿತ್ತ, ಸ್ವಲ್ಪ ಕಾದ, ಒತ್ತಿದ. ಊಹೂಂ.

ಗಾಡಿಯ ಹಿಡಿಯೊಳಗೆ ಕಾಳಿನಷ್ಟು ಚಿಕ್ಕ ಮೈಕ್ರೋಕಂಟ್ರೋಲರ್ ಒಂದಿದೆ, ಗಾಡಿಯನ್ನು ನಡೆಸುವ ಚಿಪ್. ಯಾರೂ ಗಾಡಿ ಮುಟ್ಟದಿದ್ದರೆ ಅದು ಗಾಢ ನಿದ್ದೆಗೆ ಜಾರಿ ಬ್ಯಾಟರಿ ಉಳಿಸಬೇಕು, ಹಿಡಿಯನ್ನು ತಿರುಗಿಸಿದರೂ ಗುಂಡಿ ಒತ್ತಿದರೂ ತಕ್ಷಣ ಎಚ್ಚರವಾಗಬೇಕು. ಆ ಪ್ರೋಗ್ರಾಂ ಬರೆದವನು ಇವನೇ. ಒಂದೇ ಚಾರ್ಜಿನಲ್ಲಿ ಗಾಡಿ ಎರಡು ಪಾಳಿ ಓಡುತ್ತದೆಂದು ಕಂಪನಿಯವರು ಕಂಡಕಂಡಲ್ಲಿ ಡಂಗುರ ಸಾರಿದ್ದರು. ಚಿಪ್‌ಗಳನ್ನು ಮಲಗಿಸುವುದರಲ್ಲಿ ಇವನನ್ನು ಮೀರಿಸುವವರಿಲ್ಲವೆಂದು ಆಫೀಸಿನಲ್ಲಿ ಇವನಿಗೆ 'ಜೋಗುಳ' ಎಂದೇ ಹೆಸರು. ಕರೆದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದ.

ನಿದ್ದೆಯನ್ನೇನೋ ಚೆನ್ನಾಗಿಯೇ ಬರೆದಿದ್ದ. ಕೆಂಪು ಗುಂಡಿಗೂ ಎಚ್ಚರವಾಗಬೇಕೆಂಬ ಒಂದು ಸಾಲು ಬಿಟ್ಟುಹೋಗಿತ್ತು. ಲ್ಯಾಬಿನಲ್ಲಿ ಅದು ಸಿಕ್ಕಿಬೀಳಲಿಲ್ಲ, ಏಕೆಂದರೆ ಪರೀಕ್ಷೆಯನ್ನೆಲ್ಲ ಅವನು ಕೇಬಲ್ ಸಿಕ್ಕಿಸಿಯೇ ಮಾಡಿದ್ದ. ಕೇಬಲ್ ಇರುವಷ್ಟು ಹೊತ್ತು ಚಿಪ್ ನಿಜವಾಗಿ ಮಲಗುವುದಿಲ್ಲ. ಅಮ್ಮ ಕೋಣೆಯಲ್ಲಿದ್ದಾಗ ಮಗು ಕಣ್ಣು ಮುಚ್ಚಿಕೊಂಡಿರುತ್ತದಲ್ಲ, ಹಾಗೆ. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಹೊಸದಾಗಿ ಸೇರಿದವರಿಗೆ ಅವನೇ ಪಾಠ ಮಾಡಿದ್ದ.

ಹೋದ ವಾರ ಇದೇ ಗಾಡಿ ಒಬ್ಬಳ ಕಾಲು ಮುರಿದಿತ್ತು. ಗೋದಾಮಿನಲ್ಲಿ ಹಿರಿಕಿರಿಯರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುವುದು. ಒದ್ದೆ ಇಳಿಜಾರಿನಲ್ಲಿ ಯಾರಿಗೋ ದಾರಿ ಬಿಡಲು ಗಾಡಿ ನಿಲ್ಲಿಸಿಕೊಂಡಿದ್ದಳು. ಅಷ್ಟರಲ್ಲಿ ಚಿಪ್ ಮಲಗಿತ್ತು, ಭಾರಕ್ಕೆ ಗಾಡಿ ಜಾರಿ ಅವಳನ್ನು ಗೋಡೆಗೆ ಒತ್ತಿತು. ಅಂಥ ಹೊತ್ತಿಗೆಂದೇ ಹಿಡಿಯ ತುದಿಯಲ್ಲಿ ಇರುವುದು ಆ ಕೆಂಪು ಗುಂಡಿ, ಒತ್ತಿದರೆ ಗಾಡಿ ಹಿಂದೆ ಸರಿಯಬೇಕು. ಒತ್ತಿದೆ ಎಂದು ಅಕ್ಕ ಹೇಳಿದ್ದಳು. ಮರುದಿನ ಇವನು ಬಂದು ಕೇಬಲ್ ಸಿಕ್ಕಿಸಿ, ಗುಂಡಿ ಒತ್ತಿ, ಗಾಡಿಯಲ್ಲಿ ಯಾವ ದೋಷವೂ ಇಲ್ಲವೆಂದು ಸೂಪರ್‌ವೈಸರನಿಗೆ ಹೇಳಿ ಹೋಗಿದ್ದ. ಆ ಒಂದು ಮಾತಿನ ಮೇಲೆ ಅಕ್ಕನ ಕೈಗೆ ಇನ್ನು ಗಾಡಿ ಕೊಡಬಾರದೆಂದು ತೀರ್ಮಾನವಾಗಿತ್ತು. ಒತ್ತಿದ್ದು ನಿಜವೆಂದು ಅಕ್ಕ ಪಟ್ಟು ಹಿಡಿದದ್ದರಿಂದ ಇವತ್ತು ಎರಡನೇ ತಪಾಸಣೆ.

ಅವನು ಬಾಸ್‌ಗೆ ಫೋನ್ ಮಾಡಿದ. ಬಾಸ್ ಬಹಳ ಮೆತ್ತಗೆ, ಸರಿಮಾಡಿಬಿಡು, ಉಳಿದ ಗಾಡಿಗಳಿಗೂ ಬ್ಯಾಟರಿ ಸುಧಾರಣೆ ಅಂತ ಕಳಿಸೋಣ, ಮುಗಿದುಹೋದದ್ದನ್ನು ಕೆದಕುವುದು ಬೇಡ ಎಂದರು. ಇವನು ಆಯ್ತು ಸರ್ ಎಂದ. ಅಷ್ಟು ಸಲೀಸಾಗಿ ಹೇಗೆ ಬಾಯಿಂದ ಬಂತೋ.

ಬಿಟ್ಟುಹೋದ ಸಾಲು ಸೇರಿಸಿ, ಹೊಸ ಪ್ರೋಗ್ರಾಂ ತುಂಬಿ, ಕೇಬಲ್ ಕಿತ್ತು ಕಾದು ಒತ್ತಿದ. ಚಕ್ರ ತಿರುಗಿತು. ಉಸಿರು ಬಿಟ್ಟ. ಹಾಗೆ ಉಸಿರು ಬಿಟ್ಟದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಚೀಲ ಹೆಗಲಿಗೇರಿಸುವಷ್ಟರಲ್ಲಿ ಊರುಗೋಲಿನ ಸದ್ದು ಕೇಳಿತು. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡೇ ಅಕ್ಕ ಬಂದಿದ್ದಳು. ಗಾಡಿಯವರು ಇವತ್ತು ಬರುತ್ತಾರೆಂದು ಗೊತ್ತಾಗಿ, ಆಟೋ ಮಾಡಿಕೊಂಡು ಬಂದಳಂತೆ. ಇವನನ್ನು ಎರಡೆರಡು ಸಲ ಓಡಾಡಿಸಿದೆ ಎಂದು ಮೊದಲು ಕ್ಷಮೆ ಕೇಳಿದಳು.

"ಒಂದ್ಸಲ ತೋರಿಸ್ಕೊಡಿ ಸರ್, ಎಷ್ಟು ಜೋರಾಗಿ ಒತ್ತಬೇಕು ಅಂತ. ಕಲ್ತ್ಕೊಂಡ್ರೆ ಸೂಪರ್‌ವೈಸರ್ ಹತ್ರ ಇನ್ನೊಂದ್ಸಲ ಕೇಳಿ ನೋಡ್ತೀನಿ."

ಅವನು ಗುಂಡಿ ತೋರಿಸಿದ. ಅವಳು ಊರುಗೋಲನ್ನು ಕಂಕುಳಲ್ಲಿ ಭದ್ರಮಾಡಿಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಚಕ್ರ ತಿರುಗಿತು. ಮತ್ತೆ ಒತ್ತಿದಳು, ಮತ್ತೆ ತಿರುಗಿತು.

"ನೋಡಿ, ಬಂತು," ಎಂದಳು. "ಹಾಗಾದ್ರೆ ಆವತ್ತು ನಾನೇ ಸರಿಯಾಗಿ ಒತ್ತಿಲ್ಲ. ಮಗಳು ಹೇಳ್ತಾನೇ ಇದ್ಲು, ಗಾಬರೀಲಿ ನಿಂಗೆ ಗೊತ್ತಾಗಿರಲ್ಲಮ್ಮಾ ಅಂತ. ಒತ್ತಿದೀನಿ ಅಂತ ಅವಳ ಜೊತೆ ಎಷ್ಟು ಜಗಳ ಆಡ್ಬಿಟ್ಟೆ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದೊಂದು ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ನಿಮ್ಮ ತಪ್ಪಲ್ಲ ಎಂದುಬಿಡೋಣವೆನಿಸಿತು. ಆದರೆ ಬರೀ ಬಾಯಿಮಾತನ್ನು ಸೂಪರ್‌ವೈಸರ್ ಅನುಕಂಪವೆಂದು ತಳ್ಳಿಹಾಕಬಹುದು, ನಾಳೆ ಬಾಸ್ ಬಂದು ಹುಡುಗ ಏನೋ ಅಂದ ಎಂದು ತಿಪ್ಪೆ ಸಾರಿಸಬಹುದು. ತಿರುಗುತ್ತಿರುವ ಚಕ್ರ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು, ಹಾಗೆ ಹೇಳುವಂತೆ ಮಾಡಿದವನು ತಾನು.

ಅವನು ಚೀಲ ಕೆಳಗಿಟ್ಟ. ಅಕ್ಕನಿಗೆ ಸ್ಟೂಲು ಎಳೆದುಕೊಟ್ಟು, ಲ್ಯಾಪ್‌ಟಾಪ್ ತೆರೆದು, ಹಳೆಯ ಪ್ರೋಗ್ರಾಮನ್ನೇ ಮತ್ತೆ ಚಿಪ್‌ಗೆ ತುಂಬಿದ. ಕೇಬಲ್ ಕಿತ್ತ. ಹೋಗಿ ಸೂಪರ್‌ವೈಸರನನ್ನು ಕರೆದುಕೊಂಡು ಬಂದ. ಕೆಲಸವಿದೆ ಎಂದು ಆತ ಗೊಣಗುತ್ತಲೇ ಬಂದು ನಿಂತ.

"ಈಗ ಒತ್ತಿ ಅಕ್ಕ."

ಅಕ್ಕ ಕೂತಲ್ಲಿಂದಲೇ ಕೈ ಚಾಚಿ ಒತ್ತಿದಳು. ಚಕ್ರ ಕದಲಲಿಲ್ಲ. ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು ಮತ್ತೆ ಒತ್ತಿದಳು. ಸೂಪರ್‌ವೈಸರ್ ಅವಳ ಕೈ ಸರಿಸಿ, ಅಂಗೈಯಿಂದಲೇ ಒತ್ತಿ ನೋಡಿದ. ಇದೇನ್ರೀ ಎಂದು ಕೇಳಿದ.

"ಆವತ್ತು ಗಾಡೀಲಿ ಇದ್ದದ್ದು ಇದೇ ಪ್ರೋಗ್ರಾಂ. ಬರೆದದ್ದು ನಾನು," ಎಂದ ಎಂಜಿನಿಯರ್. "ಅಕ್ಕ ಒತ್ತಿದ್ರು. ಸರಿಯಾಗೇ ಒತ್ತಿದ್ರು."

ಸೂಪರ್‌ವೈಸರ್ ಜೇಬಿನಿಂದ ಫೋನ್ ತೆಗೆದು ಬಾಗಿಲ ಕಡೆ ಹೋದ. ಅಕ್ಕ ಯಾರನ್ನೂ ನೋಡಲಿಲ್ಲ. ಗುಂಡಿಯ ಮೇಲೆ ಮತ್ತೆ ಹೆಬ್ಬೆರಳಿಟ್ಟು ಒತ್ತಿದಳು. ಎತ್ತಿ, ಇನ್ನೊಮ್ಮೆ ಒತ್ತಿದಳು. ಉಗುರು ಬಿಳಿಚಿಕೊಳ್ಳುವಷ್ಟು ಜೋರಾಗಿ ಒತ್ತುತ್ತಲೇ ಇದ್ದಳು.