ಆಸ್ಪತ್ರೆಯ ಚೀಲ

ಸೂಜಿ ಚುಚ್ಚಿದಾಗ ರೇಣುಕವ್ವ ಕೂಗಲಿಲ್ಲ. ಎಡಗೈ ಹೆಬ್ಬೆರಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಮೂಡಿತು. ಸೆರಗಿಗೆ ಒರೆಸಿಕೊಂಡು, ಯಾರಾದರೂ ನೋಡಿದರೇನೋ ಎಂದು ತಲೆಯೆತ್ತಿದಳು. ಪಕ್ಕದಲ್ಲಿ ಶಿವಬಸಮ್ಮ ರಟ್ಟಿನ ಪೆಟ್ಟಿಗೆಗಳನ್ನು ತುಳಿದು ಚಪ್ಪಟೆ ಮಾಡುತ್ತಿದ್ದಳು. ಅವಳು ನೋಡಿರಲಿಲ್ಲ.

ಕುಮಾರಸ್ವಾಮಿ ಲೇಔಟಿನ ಹಿಂಬದಿಗೆ, ರಾಜಕಾಲುವೆಯ ಪಕ್ಕದಲ್ಲಿದ್ದ ಮುನಿಯಣ್ಣನ ಗುಜರಿ ಶೆಡ್ಡು ಅದು. ಕೆಲವೇ ವಾರಗಳ ಹಿಂದಿನವರೆಗೆ ಆಸ್ಪತ್ರೆಯ ಕಸ ಆ ಬಾಗಿಲು ದಾಟಿದ್ದೇ ಇಲ್ಲ. ಆ ಕಟ್ಟಳೆ ಮಾಡಿದ್ದು ಜೆ.ಪಿ. ನಗರದ ವಿಜಯಲಕ್ಷ್ಮಿ ಮೇಡಂ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಬಿಸಿಲಲ್ಲಿ ಮನೆಮನೆ ಅಲೆದು, ಹಾಲಿನ ಕವರು ಕಸವಲ್ಲ, ತೊಳೆದು ಒಣಗಿಸಿಡಿ, ಅದು ಮತ್ತೆ ಪೈಪು ಆಗುತ್ತೆ, ಬಕೆಟ್ಟು ಆಗುತ್ತೆ ಎಂದು ಹೇಳಿ ಹೇಳಿ ನಾನೂರು ಮನೆಗಳನ್ನು ಒಪ್ಪಿಸಿದ್ದರು. ಅದೆಲ್ಲ ಮುನಿಯಣ್ಣನ ಶೆಡ್ಡಿಗೆ ಬರುತ್ತಿತ್ತು. ಬಿಡಿಸಿ ಬೇರೆ ಮಾಡುವ ಹೆಂಗಸರಿಗೆ ಕೈಗವಸು ಕೊಡಬೇಕು, ಆಸ್ಪತ್ರೆ ಮಾಲು ಮುಟ್ಟಿಸಬಾರದು ಎಂಬುದು ಅವರ ಷರತ್ತು. ಮೂರು ವರ್ಷ ಅದು ಚೆನ್ನಾಗಿಯೇ ನಡೆಯಿತು. ಲಿಂಗಸುಗೂರಿನ ಕಡೆಯಿಂದ ಬಂದು, ಕಟ್ಟಡದ ಕೆಲಸದಲ್ಲಿ ಗಂಡನನ್ನು ಕಳೆದುಕೊಂಡ ರೇಣುಕವ್ವ ಅಲ್ಲಿ ದುಡಿದೇ ಮಗಳು ಜಯಾಳನ್ನು ಮೂರನೇ ಕ್ಲಾಸಿನವರೆಗೆ ತಂದಿದ್ದಳು.

ಆ ವರ್ಷ, ಎರಡು ಸಾವಿರದ ಎಂಟರಲ್ಲಿ, ಅಮೆರಿಕದಲ್ಲಿ ಬ್ಯಾಂಕು ಮುಳುಗಿತು ಎಂದು ಟೀವಿಯಲ್ಲಿ ಬಂದಾಗ ಶೆಡ್ಡಿನ ಹೆಂಗಸರು ಅದನ್ನು ಯಾರದೋ ಮನೆಯ ಜಗಳದಂತೆ ಕೇಳಿಸಿಕೊಂಡರು. ದೀಪಾವಳಿ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆಯವರು ಮಾಲು ತುಂಬಿದ ಲಾರಿಯನ್ನು ಗೇಟಿನಿಂದಲೇ ವಾಪಸು ಕಳಿಸಿದರು.

"ಕಚ್ಚಾ ಎಣ್ಣೆ ರೇಟು ಬಿದ್ದೋಯ್ತಂತೆ," ಎಂದು ಮುನಿಯಣ್ಣ ಹಣೆ ಒರೆಸಿಕೊಂಡ. "ಹಳೇದಕ್ಕಿಂತ ಹೊಸಾ ಪ್ಲಾಸ್ಟಿಕ್ಕೇ ಅಗ್ಗ ಆಗೋಗಿದೆ. ತೊಳ್ದು, ಕರಗ್ಸಿ, ಮತ್ತೆ ಮಾಡಿದ್ದನ್ನ ಯಾವನ್ ತಗೋತಾನೆ?"

ಹಾಲಿನ ಕವರಿನ ಮೂಟೆಗಳು ತಗಡಿನ ಸೂರು ಮುಟ್ಟಿದವು. ಹರಿದ ಕೈಗವಸುಗಳ ಬದಲಿಗೆ ಹೊಸವು ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಆಟೋದಲ್ಲಿ ಬಿಳಿ ಚೀಲಗಳು ಬಂದಿಳಿದವು. ಒಳಗೆ ಗ್ಲೂಕೋಸ್ ಬಾಟಲಿ, ಸಣ್ಣ ಕೊಳವೆ, ಸಿರಿಂಜು.

"ಇದೊಂದು ಮಾಲಿಗೆ ಈಗ್ಲೂ ಗಿರಾಕಿ ಇದಾನೆ," ಎಂದ ಮುನಿಯಣ್ಣ, ಯಾರ ಮುಖವನ್ನೂ ನೋಡದೆ. "ಮೇಡಂಗೆ ಹೇಳ್ಬೇಡಿ. ರೇಟು ಏರಿದ್ಮೇಲೆ ಬಿಟ್ಬಿಡೋಣ. ಇದೂ ಇಲ್ಲ ಅಂದ್ರೆ ಶೆಡ್ಡಿಗೆ ಬೀಗ ಹಾಕ್ಬೇಕಾಗುತ್ತೆ, ತಿಳ್ಕೊಳಿ."

ಚುಚ್ಚಿದ ದಿನ ರೇಣುಕವ್ವ ಬಟ್ಟೆ ಸೋಪಿನಿಂದ ನಾಲ್ಕು ಸಲ ಕೈ ತೊಳೆದಳು. ಊರಲ್ಲಿ ಹಿಂದೆ ಏಡ್ಸ್ ಬಗ್ಗೆ ಆಡಿದ ಬೀದಿ ನಾಟಕ ಕಣ್ಣ ಮುಂದೆ ಬಂತು. ಸೂಜಿಯಿಂದ ಬರುತ್ತದೆ ಎಂದು ತಮಟೆ ಬಡಿದು ಹೇಳಿದ್ದರು. ಅಂದು ಊಟಕ್ಕೆ ಕೂತಾಗ ಜಯಾ ಎಂದಿನಂತೆ ಅವ್ವನ ತಟ್ಟೆಗೆ ಕೈಹಾಕಿದಳು.

"ಮುಟ್ಟಬ್ಯಾಡ!" ಎಂದು ರೇಣುಕವ್ವ ಚೀರಿದ ರಭಸಕ್ಕೆ ಮಗುವಿನ ಕೈಯ ತುತ್ತು ನೆಲಕ್ಕೆ ಬಿತ್ತು.

"ನಾ ಏನ್ ಮಾಡೀನವ್ವಾ?"

 ಮರುದಿನದಿಂದ ತಟ್ಟೆ, ಟವೆಲ್ಲು, ಬಾಚಣಿಗೆ ಎಲ್ಲ ಬೇರೆಯಾದವು. ಮಗಳ ತಲೆ ಬಾಚುವಾಗ ಹೆಬ್ಬೆರಳು ಕೂದಲಿಗೆ ತಾಗದಂತೆ ಕೈ ಮಡಚಿಕೊಳ್ಳುತ್ತಿದ್ದಳು. ಗಾಯ ಎರಡೇ ದಿನಕ್ಕೆ ಮಾಯವಾಯಿತು. ಅದೇ ಅವಳಿಗೆ ಇನ್ನೂ ಹೆಚ್ಚು ಭಯ ತಂದಿತು. ಬಾಗಿಲು ಮುಚ್ಚಿಕೊಂಡು ಒಳಗೇ ಏನೋ ಕೂತ ಹಾಗೆ. ಆರನೆಯ ದಿನ ಮೈ ಬೆಚ್ಚಗಾಯಿತು. ಬರಿಯ ನೆಗಡಿ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ನಂಬಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ವಿಜಯಲಕ್ಷ್ಮಿ ಮೇಡಂ ಮನೆಯ ಗೇಟಿನ ಮುಂದೆ ಹೋಗಿ ನಿಂತಳು.

ಮೇಡಂ ಒಳಗೆ ಕರೆದರೂ ಮೆಟ್ಟಿಲು ಹತ್ತಲಿಲ್ಲ. "ನಾ ಒಳಗ ಬರಾಂಗಿಲ್ರಿ. ನನಗ ಸೂಜಿ ಚುಚ್ಚೇತ್ರಿ."

"ಯಾವ ಸೂಜಿ?"

"ಆಸ್ಪತ್ರೆ ಚೀಲದ್ದುರಿ."

ಮೇಡಂ ಮುಖದ ಬಣ್ಣವೇ ಇಳಿಯಿತು. ಯಾವ ಚೀಲ, ಎಂದಿನಿಂದ ಎಂದು ಕೇಳುತ್ತ ನಿಲ್ಲದೆ ಆಟೋ ಕರೆದು ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು.

ರಕ್ತಪರೀಕ್ಷೆಯ ಕೊಠಡಿಯಲ್ಲಿದ್ದ ಶ್ರೀದೇವಿ ಎಂಬ ಸಲಹೆಗಾರ್ತಿ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟಳು. "ಮೂರು ದಿನದೊಳಗೆ ಬಂದಿದ್ರೆ ಮಾತ್ರೆ ಕೊಡ್ತಿದ್ರು ಅಮ್ಮ. ಈಗ ಅದು ಕೆಲ್ಸಕ್ಕೆ ಬರಲ್ಲ. ಇವತ್ತು ಒಂದ್ಸಲ ರಕ್ತ ತಗೋತೀವಿ. ಆದ್ರೆ ನಿಜವಾಗ್ಲೂ ಗೊತ್ತಾಗೋದು ಮೂರು ತಿಂಗ್ಳಾದ್ಮೇಲೆ. ಹೆದರ್ಬೇಡಿ. ಸೋಂಕು ಇರೋರ ಸೂಜಿನೇ ಚುಚ್ಚಿದ್ರೂ ಸಾವಿರ ಜನದಲ್ಲಿ ಮೂರು ಜನಕ್ಕೆ ಬರಬಹುದು, ಅಷ್ಟೇ."

ಉಳಿದ ಒಂಬೈನೂರ ತೊಂಬತ್ತೇಳು ಮಂದಿ ರೇಣುಕವ್ವನ ಕಣ್ಣಿಗೆ ಕಾಣಲೇ ಇಲ್ಲ. ಆ ಮೂವರು ಕಂಡರು, ಅವರಲ್ಲಿ ಒಬ್ಬಳು ತಾನು. "ನನ್ ಮಗಳಿಗೆ?" ಎಂದಳು.

"ಜೊತೇಲಿ ಉಂಡ್ರೆ, ಮುಟ್ಟಿದ್ರೆ ಬರಲ್ಲ."

ತಲೆಯಾಡಿಸಿದಳು. ಮನೆಗೆ ಬಂದು ಮತ್ತೆ ತಟ್ಟೆ ಬೇರೆಯೇ ಹಾಕಿದಳು.

ಅಂದೇ ಸಂಜೆ ಮೇಡಂ ಶೆಡ್ಡಿಗೆ ಹೋಗಿ ಮುನಿಯಣ್ಣನನ್ನು ತರಾಟೆಗೆ ತೆಗೆದುಕೊಂಡರು. ಅವನು ಮೊದಲು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಅವನ ಗಂಟಲೂ ಏರಿತು. "ನಿಮ್ಮ ನಾನೂರು ಮನೆ ಕವರು ಇಟ್ಕೊಂಡು ನಾನೇನ್ ಮಾಡ್ಲಿ ಮೇಡಂ? ನೀವೇ ಕೊಂಡ್ಕೋತೀರಾ?"

 ಮೇಡಂ ಆ ಕವರಿನ ಮೂಟೆಗಳನ್ನು ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ತುಂಬಿಸಿಕೊಂಡರು. ಅಕ್ಕಪಕ್ಕದವರು ಜಿರಲೆ, ಹೆಗ್ಗಣ ಎಂದು ಗಲಾಟೆ ತೆಗೆದರು. ಸಂಕ್ರಾಂತಿಯ ಹೊತ್ತಿಗೆ ಮನೆಗಳವರು ಒಬ್ಬೊಬ್ಬರಾಗಿ ಹಾಲಿನ ಕವರನ್ನು ಅಡುಗೆಮನೆ ಕಸದೊಂದಿಗೇ ಎಸೆಯತೊಡಗಿದರು. ಮೂರು ವರ್ಷದ ಓಡಾಟ ಮೂರೇ ತಿಂಗಳಲ್ಲಿ ಮಣ್ಣುಪಾಲಾಯಿತು.

ಮುನಿಯಣ್ಣ ರೇಣುಕವ್ವನನ್ನು ಕೆಲಸದಿಂದ ತೆಗೆಯಲಿಲ್ಲ. ರಟ್ಟಿನ ಕಡೆಗೆ ಹಾಕಿದ. ಮೇಡಂ ಬೈದು ಹೋದ ಮೇಲೆ ನಿಂತಿದ್ದ ಬಿಳಿ ಚೀಲಗಳು ಸಂಕ್ರಾಂತಿ ಕಳೆದು ಮತ್ತೆ ಬಂದಾಗ, ಅವನ್ನು ಶಿವಬಸಮ್ಮನ ಮುಂದೆ ಸುರಿದ.

"ಬಿಡ್ರಿ ಯವ್ವಾ, ಮುಟ್ಟಬ್ಯಾಡ್ರಿ," ಎಂದಳು ರೇಣುಕವ್ವ.

"ನನಗ ಅರವತ್ತಾತು. ಇನ್ನ ಎಷ್ಟ್ ದಿನ ಇರಾಕಿ ನಾ?" ಎಂದು ಶಿವಬಸಮ್ಮ ಬರಿಗೈ ಹಾಕಿದಳು.

ರೇಣುಕವ್ವ ಪೆಟ್ಟಿಗೆಗಳನ್ನು ತುಳಿಯುತ್ತ ಮುದುಕಿಯ ಬೆರಳುಗಳನ್ನೇ ನೋಡುತ್ತಿದ್ದಳು.  ಹೀಗೆ ನಾಲ್ಕು ದಿನ ನೋಡಿದಳು. ಐದನೆಯ ಬೆಳಿಗ್ಗೆ ಆಟೋ ಬಂದು ಚೀಲ ಇಳಿಸಿ ಹೋದ ಮೇಲೆ, ಅವುಗಳನ್ನು ಬಾಯಿ ಕಟ್ಟಿದ ಕಡೆ ಹಿಡಿದು ಒಂದೊಂದಾಗಿ ರಸ್ತೆಗೆ ಎಳೆದು ಹಾಕಿದಳು. 

ಮುನಿಯಣ್ಣ ಓಡಿ ಬಂದ. "ಏಯ್ ರೇಣುಕಮ್ಮ, ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟೇತ್ರಿ ಅಣ್ಣಾರ. ಎರಡು ತಿಂಗಳಾತು ನಿದ್ದಿ ಇಲ್ಲ ನನಗ. ಇವನ್ನ ಒಳಗ ತಂದ್ರ, ಯಾವ ಆಸ್ಪತ್ರೆದು ಅಂತ ಇಡೀ ಓಣಿಗೆ ಕೇಳೂಹಂಗ ಒದರ್ತೀನಿ. ಆಮ್ಯಾಲ ನನ್ನ ಕೆಲಸದಿಂದ ತಗೀರಿ."

ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಸ್ಕೂಟರು ನಿಲ್ಲಿಸಿ ನೋಡಿದರು. ಮುನಿಯಣ್ಣನ ಕಣ್ಣಲ್ಲೂ ಹೆದರಿಕೆ ಇತ್ತು. ಶೆಡ್ಡು ಮುಚ್ಚೀತೆಂಬ ಆ ಹೆದರಿಕೆ ಇಂದು ಹುಟ್ಟಿದ್ದಲ್ಲ ಎಂದು ಅವಳಿಗೆ ಆಗಲೇ ತಿಳಿದದ್ದು. ಅವನು ಫೋನು ಮಾಡಿ ಆಟೋ ವಾಪಸು ಕರೆಸಿದ. ಆ ವಾರದಿಂದ ಶೆಡ್ಡು ವಾರಕ್ಕೆ ಮೂರೇ ದಿನ ತೆರೆಯಿತು. ಉಳಿದ ದಿನ ರೇಣುಕವ್ವ ಕತ್ರಿಗುಪ್ಪೆಯ ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ತಿಕ್ಕಿದಳು.

ಮೂರು ತಿಂಗಳು ತುಂಬಿದ ದಿನ ಮೇಡಂಗೆ ಜ್ವರ. "ನಾ ಬರ್ತೀನಿ ನಡಿ," ಎಂದು ಶಿವಬಸಮ್ಮ ಜೊತೆಗೆ ಹೊರಟಳು. ರಕ್ತ ಕೊಟ್ಟು ಎರಡು ಗಂಟೆ ಬೆಂಚಿನ ಮೇಲೆ ಕೂತರು. ರೇಣುಕವ್ವ, ತಾನು ಸತ್ತರೆ ಜಯಾಳನ್ನು ಯಾರ ಮನೆಗೆ ಬಿಡುವುದು ಎಂದು ಊರಿನ ಬಂಧುಗಳನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ತೂಗುತ್ತಿದ್ದಳು.

ಒಳಗೆ ಕರೆದ ಶ್ರೀದೇವಿ ಕಾಗದ ಬಿಡಿಸಿದಳು. "ಏನೂ ಇಲ್ಲಮ್ಮ. ಆರಾಮಾಗಿದೀರ."

"ಇನ್ನೊಮ್ಮೆ ನೋಡ್ರಿ."

"ನೋಡ್ದೆ. ಇಲ್ಲ."

"ಹೆಸರು ನಂದ ಐತೇನ್ರಿ?"

ಶ್ರೀದೇವಿ ಹೆಸರನ್ನು ಗಟ್ಟಿಯಾಗಿ ಓದಿದಳು. ರೇಣುಕವ್ವ ಮೇಜಿನ ಅಂಚು ಹಿಡಿದುಕೊಂಡಳು. ಅಳು ಬರಲಿಲ್ಲ, ಉಸಿರು ಮಾತ್ರ ಬಂತು.

ಬಾಗಿಲ ಬಳಿ ನಿಂತಿದ್ದ ಶಿವಬಸಮ್ಮ ಕೆಮ್ಮಿದಳು. "ಯವ್ವಾ, ನಂದೂ ಒಂದೀಟು ನೋಡ್ತೀರೇನ್ರಿ? ನನಗ ಮೂರ್ ಸಲ ಚುಚ್ಚೇತಿ. ಯಾರಿಗೂ ಹೇಳಿಲ್ಲ."

ರೇಣುಕವ್ವ ತಿರುಗಿ ನೋಡಿದಳು. ಇನ್ನ ಎಷ್ಟ್ ದಿನ ಇರಾಕಿ ಎಂದಿದ್ದ ಮುದುಕಿಯ ತುಟಿ ಅದುರುತ್ತಿತ್ತು. ಶ್ರೀದೇವಿ ಹೊಸ ಚೀಟಿ ತೆಗೆದು ವಯಸ್ಸು ಕೇಳಿದಳು. ಶಿವಬಸಮ್ಮ ತೋಳು ಮುಂದೆ ಚಾಚಿ, ಸೂಜಿ ಕಂಡೊಡನೆ ಕಣ್ಣು ಮುಚ್ಚಿಕೊಂಡಳು. ರೇಣುಕವ್ವ ಅವಳ ಇನ್ನೊಂದು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.