ಕೊನೆಯ ಒಂಬತ್ತು

ಕಂಬಕ್ಕೆ ಅಂಟಿಸಿದ್ದ ಸಾವಿನ ಚೀಟಿಯನ್ನು ಇಸ್ಕ್ರಾ ಉಗುರಿನಿಂದ ಕೆರೆಯತೊಡಗಿದಾಗ ಶವದ ಗಾಡಿ ಆಗಲೇ ಮನೆ ಬಿಟ್ಟಿತ್ತು. ಚೀಟಿಯಲ್ಲಿ ಅತ್ತೆ ಜ್ಲಾತ್ಕಾಳ ಫೋಟೋ ಸರಿಯಾಗಿತ್ತು, ಹೆಸರೂ ಸರಿಯಾಗಿತ್ತು. ಅದರ ಕೆಳಗೆ ಇಸ್ಕ್ರಾ ಹಟ ಹಿಡಿದು ಹಾಕಿಸಿದ್ದ ಸಂಖ್ಯೆ ಮಾತ್ರ ಕೆಟ್ಟಿತ್ತು: 99999988.

"ಅಪ್ಪಾ, ಇದನ್ನ ಯಾರು ಬದಲಾಯಿಸಿದ್ದು?"

"ನಾನೇ," ಎಂದ ಖರಲಂಪಿ, ತಂಗಿಯ ಶವದ ಹಿಂದೆ ನಡೆಯುತ್ತಲೇ. "ಅಚ್ಚಿನವನಿಗೆ ಫೋನ್ ಮಾಡಿ ಹೇಳ್ದೆ. ಸತ್ತೋರಿಗೆ ಹೂವನ್ನೂ ಸಮಸಂಖ್ಯೆಯಲ್ಲೇ ತರ್ತೀವಿ. ಬೆಸ ಹಾಕಿದ್ರೆ ಮನೇಲಿ ಇನ್ನೊಂದು ಸಾವು. ಒಂದು ಕಮ್ಮಿಯಾದ್ರೆ ಯಾವ ಗಂಟು ಹೋಯ್ತು?"

"ಇದು ಎರಡರಿಂದ ಭಾಗ ಆಗುತ್ತಲ್ಲಪ್ಪ! ಅತ್ತೆದು ಯಾವುದರಿಂದಲೂ ಆಗ್ತಿರ್ಲಿಲ್ಲ!"

"ಅವಳ ಹುಚ್ಚನ್ನ ಊರಿಗೆಲ್ಲ ಡಂಗುರ ಹೊಡೀಬೇಡ. ನಡಿ."

*

ಜ್ಲಾತ್ಕಾ ಸ್ಲಿವೆನ್ ಊರಿನ ಉಣ್ಣೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡಿದ್ದವಳು. ಓದಿದ್ದು ಏಳನೇ ತರಗತಿ. 99999989 ಅವಿಭಾಜ್ಯವೋ ಅಲ್ಲವೋ ತಾನೇ ತಿಳಿಯಬೇಕೆಂಬ ಹಟ ಅವಳಿಗೆ ಅದೆಲ್ಲಿಂದ ಹತ್ತಿತೋ ದೇವರೇ ಬಲ್ಲ. ಪಾಳಿ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ, ಹತ್ತು ಸಾವಿರದೊಳಗಿನ ಅವಿಭಾಜ್ಯಗಳನ್ನೆಲ್ಲ ಹಿಡಿದು ಅದನ್ನು ಭಾಗಿಸುತ್ತ ಕೂತಳು. ಒಟ್ಟು ಸಾವಿರದ ಇನ್ನೂರ ಇಪ್ಪತ್ತೊಂಬತ್ತು ಭಾಗಾಕಾರ, ಆರು ವರ್ಷ.

"ಹತ್ತು ಸಾವಿರದಾಚೆ ಬೇಡ್ವಾ ಅತ್ತೆ?" ಎಂದು ಹನ್ನೆರಡರ ಇಸ್ಕ್ರಾ ಕೇಳಿದ್ದಳು.

"ಬೇಡ ಕಣೆ. ದೊಡ್ಡದೊಂದು ಭಾಗಿಸಿದ್ರೆ ಅದಕ್ಕೊಂದು ಚಿಕ್ಕ ಜೊತೆ ಇರ್ಲೇಬೇಕು. ಅದು ಆಗ್ಲೇ ಸಿಕ್ಕಿಬೀಳ್ತಿತ್ತು."

ಕೊನೆಯದು 9973. ಶೇಷ 718 ಉಳಿದ ದಿನ ಅತ್ತೆ ಇಸ್ಕ್ರಾಳನ್ನು ಎತ್ತಿ ಕುಣಿಸಿದಳು. ಗಿರಣಿಯ ಎಂಜಿನಿಯರ್ ಮಾತ್ರ ನಕ್ಕುಬಿಟ್ಟ. "ಇದು ಪುಸ್ತಕದಲ್ಲಿ ಯಾವತ್ತೋ ಇದೆಯಲ್ಲ ಜ್ಲಾತ್ಕಾ!"

"ಪುಸ್ತಕಕ್ಕೆ ಗೊತ್ತಿದ್ರೆ ಪುಸ್ತಕಕ್ಕಾಯ್ತು. ನನಗೆ ಗೊತ್ತಿರ್ಲಿಲ್ಲ."

*

"ಕೆರೀಬೇಡ ಮಗಳೇ, ಅವಳ ಮುಖ ಹರಿಯುತ್ತೆ." ಅತ್ತೆಯ ಪಕ್ಕದ ಮಗ್ಗದಲ್ಲಿ ನಲವತ್ತು ವರ್ಷ ನಿಂತಿದ್ದ ಡೊನ್ಕಾ ಚೀಲದಿಂದ ದಪ್ಪ ಪೆನ್ನು ತೆಗೆದಳು. "ಕೊನೇ ಎಂಟನ್ನ ಹೊಡೆದು ಒಂಬತ್ತು ಬರಿ. ಸತ್ತಿದ್ದಾಳೆ ಅಂತ ಅವಳ ಬಾಯಿಗೆ ಸುಳ್ಳು ತುರುಕೋಕೆ ನಾನಂತೂ ಬಿಡಲ್ಲ."

ಇಸ್ಕ್ರಾ ಬರೆದಳು. ಬೇಕರಿಯ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲೂ ಬರೆದಳು. ಬಸ್ ನಿಲ್ದಾಣ ಬರುವಷ್ಟರಲ್ಲಿ ಗಿರಣಿಯ ಮುದುಕಿಯರೆಲ್ಲ ಶವದ ಹಿಂದಿನ ಸಾಲು ಬಿಟ್ಟು ಚೀಟಿಗಳನ್ನು ತಿದ್ದತೊಡಗಿದ್ದರು. ಒಬ್ಬಳ ಕೈಯಲ್ಲಿ ಪೆನ್ಸಿಲ್, ಇನ್ನೊಬ್ಬಳ ಕೈಯಲ್ಲಿ ಲಿಪ್‌ಸ್ಟಿಕ್. ಖರಲಂಪಿಯ ಮುಖ ಕೆಂಪಾಯಿತು.

"ಹೆಣದ ಮುಂದೆ ಇದೇನು ಆಟ? ಇನ್ನೊಂದು ಸಾವಾದ್ರೆ ಯಾರು ಹೊಣೆ?"

"ನಾನು," ಎಂದಳು ಇಸ್ಕ್ರಾ. "ಸತ್ತೋಳು ನಾನೇ ಆದ್ರೂ ಇದನ್ನೇ ಹಾಕ್ಸಿ."

ಕೊನೆಯ ಚೀಟಿ ಮುಚ್ಚಿದ ಗಿರಣಿಯ ಗೇಟಿನೊಳಗೆ, ಸೂಚನಾ ಹಲಗೆಯ ಮೇಲಿತ್ತು. ಡೊನ್ಕಾಳ ಕೈ ಎಟುಕಲಿಲ್ಲ.

"ನಿಲ್ಲಿಸಬೇಡ, ನಡಿ!" ಎಂದು ಖರಲಂಪಿ ಡ್ರೈವರನಿಗೆ ಕೂಗಿದ.

ಡ್ರೈವರ್ ಗೇಟಿನ ಕಡೆ ನೋಡಿದ, ಮುದುಕಿಯರ ಕಡೆ ನೋಡಿದ. ಆಮೇಲೆ ಎಂಜಿನ್ ಆರಿಸಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ನಡುರಸ್ತೆಯಲ್ಲಿ ಶವ ಕಾಯುತ್ತಿತ್ತು. ಇಸ್ಕ್ರಾ ಭುಜದವರೆಗೂ ಕೈ ತೂರಿಸಿ, ಕೆನ್ನೆಯನ್ನು ತುಕ್ಕು ಹಿಡಿದ ಸರಳಿಗೆ ಒತ್ತಿ, ಒಂಬತ್ತರ ಬಾಲ ಎಳೆಯುತ್ತಿದ್ದಳು.