ಬಲಿಯದ ಕಾಯಿ

ಕೊಬ್ಬರಿ ವಿಷಯದಲ್ಲಿ ತಿಪಟೂರಿನವರಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಅನ್ನುವುದು ನಮ್ಮೂರಿನ ನಂಬಿಕೆ. ಹಾಗಾಗಿ ನಮ್ಮ ಸೇವಾ ಕ್ಲಬ್ಬು ಟಾಂಜಾನಿಯಾದ ಕಡಲಂಚಿನ ಹಳ್ಳಿಯೊಂದನ್ನು ದತ್ತು ತೆಗೆದುಕೊಂಡಾಗ ಏನು ಕೊಡಬೇಕೆಂದು ತಲೆ ಕೆಡಿಸಿಕೊಳ್ಳಲೇ ಇಲ್ಲ. ಅಲ್ಲೂ ತೆಂಗು, ಇಲ್ಲೂ ತೆಂಗು. ಅಕ್ಕಿ ಬಟ್ಟೆ ಕೊಟ್ಟರೆ ತಿಂದು ಉಟ್ಟು ಮುಗಿಯುತ್ತದೆ, ವಿದ್ಯೆ ಕೊಟ್ಟರೆ ಉಳಿಯುತ್ತದೆ ಎಂದು ಅಧ್ಯಕ್ಷ ಶಿವರಾಜು ಮೈಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಹಳ್ಳಿಯ ಹೆಂಗಸರು ಕಾಯಿ ಒಡೆದು, ಹೋಳನ್ನು ಹೊಗೆಯಲ್ಲಿ ಒಣಗಿಸುತ್ತಿದ್ದರು. ಅವರು ಕಳಿಸಿದ ವಿಡಿಯೋ ನೋಡಿ ನಾವೆಲ್ಲ ನಕ್ಕೆವು. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ, ಅದಕ್ಕೇ ಬೆಲೆ. ಇದನ್ನು ಅವರಿಗೆ ಫೋನಿನಲ್ಲಿ, ಇಂಗ್ಲಿಷಿನಲ್ಲಿ ಕಲಿಸಿದವರು ಕ್ಲಬ್ಬಿನ ಕಾರ್ಯದರ್ಶಿ, ಕಾಲೇಜಿನಲ್ಲಿ ಪಾಠ ಮಾಡುವ ಗಿರಿಜಾಂಬಿಕಾ. ದಬ್ಬೇಘಟ್ಟದ ಅಟ್ಟದ ಮನೆಯಲ್ಲಿ ಬೆಳೆದವರು. ಆ ಹಳ್ಳಿಯ ಹೆಂಗಸರ ಸಂಘದ ಮುಂದಾಳು ಮರಿಯಾಮು, ಇವರು ಹೇಳಿದ್ದನ್ನೆಲ್ಲ ಕೇಳಿಕೊಂಡು ಮನೆಮನೆಗೂ ಅಟ್ಟ ಕಟ್ಟಿಸಿದಳು.

ಆರನೆಯ ತಿಂಗಳು ಮರಿಯಾಮು ಫೋಟೋ ಕಳಿಸಿದಳು. ಅಟ್ಟದ ಸಂದುಗಳಿಂದ ಹಸಿರು ಮೊಳಕೆ ಇಣುಕುತ್ತಿತ್ತು, ಕೆಳಗಿನ ನೆಲದ ಮೇಲೆ ಕೊಳೆತ ನೀರು. "ಅಕ್ಕಾ, ಸಂಘದವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ನಾವು ಎಲ್ಲಿ ತಪ್ಪಿದೆವು?" ಎಂದು ಬರೆದಿದ್ದಳು.

ಗಿರಿಜಾಂಬಿಕಾಗೆ ನೋಡಿದ ತಕ್ಷಣ ಗೊತ್ತಾಯಿತು. ನಮ್ಮ ಒಣ ಗಾಳಿಗೆ ಆಗುವ ಕೆಲಸ ಕಡಲ ತೇವದ ಗಾಳಿಗೆ ಹೇಗಾದೀತು? ಕ್ಲಬ್ಬಿನ ಅಷ್ಟೂ ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅವರು ನಾಚಿಕೆಯಿಂದ ಕುಗ್ಗಿಹೋದರು. ನೇರವಾಗಿ ಶಿವರಾಜು ಅಂಗಡಿಗೆ ಹೋದರು.

"ತಪ್ಪು ನಮ್ದು ಕಣ್ರೀ. ಇವತ್ತೇ ಹೇಳಿಬುಡೋಣ."

"ಬುಡ್ರೀ ಮೇಡಂ," ಅಂದರು ಶಿವರಾಜು. "ಮುಂದಿನ ವಾರ ನಮ್ಗೆ ಜಿಲ್ಲಾ ಪ್ರಶಸ್ತಿ ಬತ್ತದೆ. ಅವ್ರೇ ತಮ್ಮ ತಪ್ಪು ಅಂತಾವ್ರೆ, ನಮ್ಮ ಗಂಟೇನು ಹೋಯ್ತು? ಕಾಯಿ ಬಲ್ತಿರ್ಲಿಲ್ಲ ಅಂತ ಬರ್ದಾಕಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಲು ಬಾರದವರು ನಾವು, ಡೊಂಕಾದದ್ದು ಅವರ ಕಾಯಿ. ಗಿರಿಜಾಂಬಿಕಾ ಅಂಗಡಿಯಲ್ಲೇ ಕುಳಿತು ಬರೆದರು: ಬಲಿಯದ ಕಾಯಿ ಹಾಕಿರಬಹುದು, ಆರಿಸುವಾಗ ಎಚ್ಚರ ಸಾಲದು. ಮರಿಯಾಮು ಮರುಮಾತಾಡದೆ ಕೃತಜ್ಞತೆ ಹೇಳಿದಳು.

ಪ್ರಶಸ್ತಿ ಬಂತು. ಹೊದಿಸಿದ ಶಾಲನ್ನು ಗಿರಿಜಾಂಬಿಕಾ ವೇದಿಕೆ ಇಳಿಯುವ ಮೊದಲೇ ತೆಗೆದು ಮಡಚಿದರು. ಆಮೇಲೆ ಅವರಿಗೆ ಅನ್ನ ರುಚಿಸಲಿಲ್ಲ. ಪಾಠ ಮಾಡುವಾಗ ಮಾತು ತಪ್ಪುತ್ತಿತ್ತು. ನಾನು ಇಷ್ಟು ಹೇಡಿಯೇ ಎಂದು ತಮ್ಮನ್ನೇ ಬೈದುಕೊಂಡರು. ಬೈದುಕೊಳ್ಳುವುದರಲ್ಲೇ ಎರಡು ತಿಂಗಳು ಕಳೆದವು. ಕೊನೆಗೊಂದು ಭಾನುವಾರ, ಯಾರನ್ನೂ ಕೇಳದೆ, ಸಂಘದ ಫೋನಿಗೆ ಕರೆ ಮಾಡಿದರು.

ಎತ್ತಿದವಳು ಬೇರೆ ಹೆಂಗಸು. ಹೆಸರು ಜೈನಬು. ಮುರುಕು ಇಂಗ್ಲಿಷಿನಲ್ಲಿ ಸಂಭ್ರಮದಿಂದ ಮಾತಾಡಿದಳು. "ಈಗ ನಾನೇ ಮುಂದಾಳು. ಕಾಯಿ ಆರಿಸಿದ್ದು ಮರಿಯಾಮು ತಾನೆ? ನಿಮ್ಮ ಉತ್ತರ ಎಲ್ಲರ ಮುಂದೆ ಓದಿದೆವು, ಅವಳನ್ನು ತೆಗೆದುಹಾಕಿದೆವು. ನೀವು ಚಿಂತೆ ಮಾಡಬೇಡಿ. ಈ ಸಲ ಚೆನ್ನಾಗಿ ಬಲಿತ ಕಾಯಿಯನ್ನೇ ಆರಿಸಿ ಎಲ್ಲರ ಮನೆಯ ಅಟ್ಟವನ್ನೂ ತುಂಬಿದ್ದೇವೆ."

ಗಿರಿಜಾಂಬಿಕಾ ಅವಳ ಮಾತನ್ನು ತಡೆದರು. "ಇಳಿಸಿ, ಜೈನಬು. ಇವತ್ತೇ ಎಲ್ಲ ಇಳಿಸಿ, ಮೊದಲು ಮಾಡುತ್ತಿದ್ದ ಹಾಗೆ ಒಡೆದು ಒಣಗಿಸಿ. ನಿಮ್ಮ ಗಾಳಿಗೆ ಇದು ಆಗುವುದಿಲ್ಲ. ಕಾಯಿ ಸರಿಯಾಗೇ ಇತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಬರೆದೆ."

ಆ ಕಡೆ ಜೈನಬು ಯಾರಿಗೋ ತನ್ನ ಭಾಷೆಯಲ್ಲಿ ಹೇಳಿದ್ದು ಕೇಳಿಸಿತು. ಹೆಂಗಸೊಬ್ಬಳು ಜೋರಾಗಿ ಏನೋ ಅಂದಳು.

"ಕಾಯಿ ಇಳಿಸುತ್ತೇವೆ," ಅಂದಳು ಜೈನಬು. ದನಿಯಲ್ಲಿ ಸಂಭ್ರಮವಿರಲಿಲ್ಲ. "ಮರಿಯಾಮುಗೆ ಇದನ್ನು ನೀವೇ ಹೇಳಬೇಕು. ನಮ್ಮಲ್ಲಿ ಯಾರು ಹೋದರೂ ಅವಳು ಬಾಗಿಲು ತೆಗೆಯುವುದಿಲ್ಲ."